ಸಹಾಯ ಬೇಕು: ಹಳೇ ‘ನುಡಿ’ (ಕನ್ನಡ ಟೈಪಿಂಗ್ ತಂತ್ರಾಂಶ) ಫೈಲನ್ನು ಇಸ್ಪೀಕ್‌ನಲ್ಲಿ ಓದಿಸುವುದು ಹೇಗೆ?

ನಮಸ್ಕಾರ. ನಮ್ಮ ಮನೆ ವಿರಾಜಪೇಟೆ ಹತ್ತಿರ. ಕಣ್ಣು ಮಂಜಾಗಿರುವ ಅಜ್ಜನಿಗೆ ಅವರದೇ ಹಳೇ ಮಳೆ ಲೆಕ್ಕ, ತೋಟದ ಟಿಪ್ಪಣಿಗಳನ್ನು ಕೇಳಿಸಬೇಕು. ಬರಹವನ್ನು ಗೂಗಲ್ ದನಿಯಲ್ಲಿ ಓದಿಸುವ ಜಿಟಿಟಿಎಸ್‌ನ ದನಿ ಚೆನ್ನಾಗಿದೆ, ಆದರೆ ಅದಕ್ಕೆ ನೆಟ್ ಬೇಕೇ ಬೇಕು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಇಲ್ಲಿ ಕರೆಂಟೇ ಇರಲ್ಲ, ಇನ್ನು ನೆಟ್ ಎಲ್ಲಿಂದ ಬರಬೇಕು!

ಅದಕ್ಕೇ ಲಿನಕ್ಸ್ ಟರ್ಮಿನಲ್‌ನಲ್ಲಿ ನೆಟ್ ಇಲ್ಲದೆಯೂ ಬರಹ ಓದುವ ಇಸ್ಪೀಕ್-ಎನ್‌ಜಿ ಹಾಕಿಕೊಂಡೆ. ‘ಹೈಫನ್ ವಿ ಕೆಎನ್’ ಕೊಟ್ಟರೆ ಯೂನಿಕೋಡ್ (ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ) ಕನ್ನಡ ಓದುತ್ತದೆ. ಅದರ ಮಾಮೂಲಿ ನಿಮಿಷಕ್ಕೆ 175 ಪದದ ಓಟ ಅಜ್ಜನಿಗೆ ಜಾಸ್ತಿ ಅಂತ ‘ಹೈಫನ್ ಎಸ್ 120’ ಮಾಡಿದೆ. ದನಿ ರೋಬೋಟಿನದೇ, ಇರಲಿ.

ತೊಂದರೆ ಬೇರೆ. ಟಿಪ್ಪಣಿ ಇರುವುದು ಯೂನಿಕೋಡ್ ಅಲ್ಲದ ಹಳೇ ‘ನುಡಿ’ ಫಾಂಟಿನಲ್ಲಿ. ‘ಕಾಫಿ’ ಅನ್ನಬೇಕಾದ ಕಡೆ ಏನೇನೋ ಇಂಗ್ಲಿಷ್ ಅಕ್ಷರ ಒದರುತ್ತದೆ. ಅಜ್ಜನಿಗೆ ನಗುವೋ ನಗು. ನೂರಾರು ಫೈಲ್ ಇವೆ, ಒಂದೊಂದೇ ಅಂಟಿಸಿ ಬದಲಿಸುತ್ತಾ ಕೂರಲು ಆಗಲ್ಲ. ಎಲ್ಲವನ್ನೂ ಒಟ್ಟಿಗೆ ಯೂನಿಕೋಡ್‌ಗೆ ತಿರುಗಿಸುವ ಸ್ಕ್ರಿಪ್ಟ್ ಯಾರ ಹತ್ತಿರವಾದರೂ ಇದೆಯಾ? ಒತ್ತಕ್ಷರ, ಅರ್ಕಾವತ್ತು ಕೆಡದಿದ್ದರೆ ಸಾಕು.