ಪದಚರ್ಚೆ: ‘ಬುರಾಕುಮಿನ್’ಗೆ ಕನ್ನಡದಲ್ಲಿ ಏನು?

> ಜಪಾನಿನ ಕತೆಗಾರ ನಾಕಗಾಮಿ ಕೆಂಜಿ ಬಗ್ಗೆ ಒಂದು ಬರಹ ಅನುವಾದ ಮಾಡ್ತಿದ್ದೇನೆ. ನಾಳೆ ಪುಟ ಅಚ್ಚಿಗೆ ಹೋಗಬೇಕು. ಹುಟ್ಟಿನ ಕಾರಣಕ್ಕೆ ಅಲ್ಲಿ ಸಮಾಜ ಹೊರಗಿಟ್ಟವರನ್ನು ‘ಬುರಾಕುಮಿನ್’ ಅಂತಾರೆ. ಅದಕ್ಕೆ ‘ಜಪಾನಿನ ದಲಿತರು’ ಅಂತ ಹಾಕಿದ್ರೆ ನಡೆಯುತ್ತಾ?

ನಡೆಯಲ್ಲ. ‘ದಲಿತ’ ಇಲ್ಲಿನ ಜನ ಹೋರಾಡಿ ತಮಗೆ ತಾವೇ ಇಟ್ಟುಕೊಂಡ ಹೆಸರು. ಅದನ್ನು ಇನ್ನೊಬ್ಬರಿಗೆ ಅಂಟಿಸೋದು ಅನುವಾದಕರ ಕೆಲಸವಲ್ಲ. ಹೋಲಿಕೆ ಇದೆ, ಇಲ್ಲ ಅನ್ನಲ್ಲ. ಸತ್ತ ದನ ಸಾಗಿಸೋದು, ತೊಗಲು ಹದ ಮಾಡೋದು ಬುರಾಕುಮಿನ್ ಪಾಲಿಗೆ ಬಂತು, ಮೈಲಿಗೆಯೂ ಅದರ ಜೊತೆಗೇ ಬಂತು. ಅದನ್ನು ಅಡಿಟಿಪ್ಪಣಿಯಲ್ಲಿ ಹೇಳಿ.

‘ಬುರಾಕು’ ಅಂದ್ರೆ ಸಣ್ಣ ವಸತಿ. ನಮ್ಮ ‘ಕೇರಿ’ ಅದಕ್ಕೆ ಚೆನ್ನಾಗಿ ಕೂರುತ್ತದೆ. ‘ಎತಾ’, ‘ಹಿನಿನ್’ ಅನ್ನೋ ಹೀನ ಹೆಸರುಗಳನ್ನು ಸರ್ಕಾರ 1871ರಲ್ಲೇ ರದ್ದು ಮಾಡಿತು. ಆಮೇಲೆ ಗುರುತು ಹಿಡಿಯೋದು ಹೇಗೆ? ಮುಖ ಒಂದೇ, ನುಡಿ ಒಂದೇ. ಉಳಿದದ್ದು ಮನೆತನದ ದಾಖಲೆ ಮತ್ತು ವಿಳಾಸ. ಇಂಥ ಕೇರಿಗಳ ಹೆಸರಿನ ಪಟ್ಟಿಯನ್ನು ಪುಸ್ತಕ ಮಾಡಿ ಕಂಪನಿಗಳಿಗೆ ಗುಟ್ಟಾಗಿ ಮಾರುತ್ತಿದ್ದದ್ದು 1975ರಲ್ಲಿ ಬಯಲಾಯಿತು. ಕೆಲಸ ಕೇಳಿಕೊಂಡು ಬಂದವರು ಎಲ್ಲಿಯವರು ಅಂತ ಅದರಲ್ಲಿ ತೆಗೆದು ನೋಡೋದು! ಜಾಗವನ್ನು ಬಿಟ್ಟರೆ ಈ ಪದದಲ್ಲಿ ಏನೂ ಉಳಿಯಲ್ಲ. ‘ದಲಿತ’ದಲ್ಲಿ ಜಾಗ ಎಲ್ಲಿದೆ?

> ಅಚ್ಚಗನ್ನಡದಲ್ಲಿ ‘ತುಳಿತಕ್ಕೆ ಸಿಕ್ಕವರು’ ಅನ್ನಬಹುದಲ್ಲ? ಪರಭಾಷೆ ಪದ ಯಾಕೆ?

ಅದು ಯಾರಿಗೆ ಬೇಕಾದರೂ ಆಗುತ್ತದೆ, ಹಾಗಾಗಿ ಇವರಿಗೆ ಆಗಲ್ಲ. ಎರವಲಿನ ಭಯ ಜಾಸ್ತಿ ಆಯ್ತು ಈ ಬಳಗದಲ್ಲಿ. ‘ರಿಕ್ಷಾ’ ಬಂದದ್ದೂ ಜಪಾನಿನ ‘ಜಿನ್ರಿಕಿಶಾ’ದಿಂದಲೇ, ಕನ್ನಡ ಅದನ್ನು ಅರಗಿಸಿಕೊಂಡಿಲ್ವಾ? ಇನ್ನು ‘ಬುರಾಕು’ಗೆ ‘ಹೊಲಗೇರಿ’ ಅಂತ ಹಾಕಿ ಅಂದವರಿಗೆ ಒಂದೇ ಮಾತು: ಬೇಡ. ಅಲ್ಲಿನ ಅವಮಾನ ಹೇಳೋಕೆ ಇಲ್ಲಿನ ಅವಮಾನವನ್ನು ಮತ್ತೆ ಅಚ್ಚು ಮಾಡಬೇಕಿಲ್ಲ.

ನಾಳೆಗೆ ಬೇಕಲ್ವಾ, ಹೀಗೆ ಮಾಡಿ. ಮೊದಲ ಸಲ ‘ಬುರಾಕು ಕೇರಿಯವರು’, ಆಮೇಲೆ ಬರೀ ‘ಕೇರಿಯವರು’. ‘ಬುರಾಕುಮಿನ್ ಜನ’ ಅಂತ ಬರೀಬೇಡಿ, ‘ಮಿನ್’ ಅಂದ್ರೇನೇ ಜನ.

ಒಂದು ಕಡೆ ಮಾತ್ರ ಹುಷಾರು. ನಾಕಗಾಮಿ ಹುಟ್ಟಿದ್ದು ವಕಯಾಮಾದ ಶಿಂಗೂ ಊರಿನ ಇಂಥದೇ ಕೇರಿಯಲ್ಲಿ, 1946ರಲ್ಲಿ. ಆದರೆ ಕತೆಗಳಲ್ಲಿ ಅವರು ಅದನ್ನು ‘ರೋಜಿ’ ಅಂತಲೇ ಕರೆಯುತ್ತಾರೆ. ಅದಕ್ಕೆ ‘ಓಣಿ’ ಹಾಕಿ. ಅಲ್ಲೂ ‘ಕೇರಿ’ ಅಂದುಬಿಟ್ಟರೆ ಅವರು ಬೇಕಂತಲೇ ಪಕ್ಕಕ್ಕಿಟ್ಟ ಪದವನ್ನು ನೀವು ವಾಪಸ್ ತಂದ ಹಾಗಾಗುತ್ತದೆ.