ಮಗ ಹೆಣಿಗೆ ಹಿಡಿದಿದ್ದಾನೆ, ಬಂದವರೆಲ್ಲ ನಗ್ತಾರೆ: ನಿಮ್ಮ ಅನುಭವ ಹೇಳಿ

ಕೇಳಿದವರು: ಮಗನಿಗೆ ಒಂಬತ್ತು ವರ್ಷ. ಕಡ್ಡಿ, ಉಣ್ಣೆ ಸಿಕ್ಕರೆ ಹಸಿವೂ ಗೊತ್ತಾಗುವುದಿಲ್ಲ. ‘ಹುಡುಗನಿಗೆ ಇದೆಲ್ಲ ಯಾಕೆ?’ ಅಂತ ನೆಂಟರು. ಈಗ ಬಾಗಿಲು ಸದ್ದಾದರೆ ಹೆಣಿಗೆಯನ್ನು ಹಾಸಿಗೆ ಕೆಳಗೆ ತಳ್ಳುತ್ತಾನೆ. ಏನು ಮಾಡಲಿ?

ಡ್ರಮ್ಸ್ ಹುಡುಗಿಯ ಅಪ್ಪ: ‘ಹುಡುಗಿ ಕೈಗೆ ಕೋಲು ಕೊಟ್ಟಿದ್ದೀಯಾ?’ ಅಂತ ನನ್ನ ಅಣ್ಣನೇ ಕೇಳಿದ. ಕೊಟ್ಟೆ. ಮೊದಲು ರಬ್ಬರ್ ಪ್ಯಾಡ್, ಆಮೇಲೆ ಡ್ರಮ್ ಸೆಟ್. ಖರ್ಚು ಅಲ್ಲಿಗೆ ಮುಗಿಯಲಿಲ್ಲ. ಸಿಂಬಲ್ ಅನ್ನುವ ಲೋಹದ ತಟ್ಟೆ ಬೇರೆ, ಪೆಡಲ್ ಬೇರೆ, ಸ್ಟೂಲ್ ಬೇರೆ. ಸ್ನೇರ್ ಡ್ರಮ್ಮಿನ ಹೆಡ್, ಅಂದರೆ ಬಾರಿಸುವ ಹೊದಿಕೆ, ಗುಳಿ ಬಿದ್ದರೆ ಬದಲಿಸಬೇಕು. ಸಿಂಬಲ್ ಅಂಚಿಗೆ ತಾಗಿ ಕೋಲು ಸಿಬಿರು ಸಿಬಿರಾಗುತ್ತದೆ, ಮತ್ತೊಂದು ಜೊತೆ. ಸದ್ದು ತಗ್ಗಿಸಲು ಬಲೆಯಂಥ ಮೆಶ್ ಹೆಡ್ಡೂ ತಂದೆ. ಅಣ್ಣ ಈಗ ನಮ್ಮ ಮನೆಗೆ ಬರುವುದಿಲ್ಲ. ಬರದಿದ್ದರೆ ಬೇಡ.

ಪಿಟೀಲು ಅಮ್ಮ: ನೀವು ಒಂದು ಸೆಟ್ ಕೊಂಡು ಇಷ್ಟು ಹೇಳ್ತೀರಿ. ಪಿಟೀಲು ಮಗುವಿನ ಜೊತೆ ಬೆಳೆಯುವುದಿಲ್ಲ ಸಾರ್. ಕಾಲು ಸೈಜು, ಅರ್ಧ, ಮುಕ್ಕಾಲು, ಆಮೇಲೆ ಪೂರ್ತಿ. ಪ್ರತಿ ಸಲ ಕಮಾನು, ಪೆಟ್ಟಿಗೆ ಎಲ್ಲ ಹೊಸದು. ‘ಓದು ಹಾಳಾಗುತ್ತೆ’ ಅಂದವರು ಯಾರೂ ಒಂದು ತಂತಿಯನ್ನೂ ಕೊಡಿಸಲಿಲ್ಲ. ಅಂದ ಹಾಗೆ, ಮೆಶ್ ಹಾಕಿದರೂ ಪೆಡಲಿನ ಅದುರು ಕೆಳಗಿನ ಮನೆಗೆ ಇಳಿಯುತ್ತದೆ. ನಾವೂ ಒಮ್ಮೆ ಅಂಥ ಕೆಳಗಿನ ಮನೆಯಲ್ಲಿ ಇದ್ದವರು.

ಡ್ರಮ್ಸ್ ಹುಡುಗಿಯ ಅಪ್ಪ: ಹೊಸ ಕೈಯ ಪಿಟೀಲು ಕಿವಿಗೆ ಇಂಪಾಗಿರುತ್ತಾ ಮೇಡಂ? ಎರಡು ಪ್ಲೈವುಡ್ ಹಲಗೆ ನಡುವೆ ಟೆನಿಸ್ ಚೆಂಡು ಕೂರಿಸಿ ಅದರ ಮೇಲೆ ಸೆಟ್ ಇಟ್ಟಿದ್ದೇನೆ. ನಮ್ಮ ಕೆಳಗಿನವರು ದೂರುವುದನ್ನು ನಿಲ್ಲಿಸಿದ್ದಾರೆ.

ಬೇಡ ಅಂದವನು: ನಾನು ಮಗನ ನೃತ್ಯ ಬಿಡಿಸಿದೆ. ಬೈಯುವವರು ಬೈಯಿರಿ. ನೆಂಟರ ಮಾತಿಗಲ್ಲ. ಜೊತೆಯ ಹುಡುಗರು ಅವನ ಗೆಜ್ಜೆ ಕಿತ್ತು ಮಣಿ ಚೆಲ್ಲಿದ್ದರು. ಧೈರ್ಯ ಹೇಳುವವರು ನಾವು, ತರಗತಿಯಲ್ಲಿ ಒಬ್ಬನೇ ಕೂರುವವನು ಅವನು.

ಹೆಣಿಗೆ ಬಲ್ಲವಳು: ಟೋಕಿಯೊ ಒಲಿಂಪಿಕ್ಸಿನಲ್ಲಿ, 2021ರಲ್ಲಿ, ಎತ್ತರದಿಂದ ನೀರಿಗೆ ಹಾರುವ ಬ್ರಿಟನ್ನಿನ ಡೈವರ್ ಟಾಮ್ ಡೇಲಿ ಪ್ರೇಕ್ಷಕರ ನಡುವೆ ಕೂತು ಹೆಣೆದರು. ತಮ್ಮ ಚಿನ್ನದ ಪದಕಕ್ಕೂ ಚೀಲ ಹೆಣೆದುಕೊಂಡಿದ್ದರು. ಆ ಫೋಟೊ ತೋರಿಸಿ.

ಬೇಡ ಅಂದವನು: ಚಿನ್ನ ಗೆದ್ದವರನ್ನು ನೋಡಿ ಯಾರು ನಗ್ತಾರೆ? ಒಂಬತ್ತು ವರ್ಷದವನ ಹತ್ತಿರ ಪದಕ ಎಲ್ಲಿದೆ?

ಹೆಣಿಗೆ ಬಲ್ಲವಳು: ಹಾಗಾದರೆ ನೆಂಟರು ಬಂದಾಗ ಅವನ ಪಕ್ಕದಲ್ಲಿ ಕೂತು ನೀವೂ ಹೆಣೆಯಿರಿ. ನನ್ನ ಅಪ್ಪ ಹಾಗೇ ಕೂರುತ್ತಿದ್ದರು, ಬಂದವರ ಎದುರಿಗೇ.

ಪಿಟೀಲು ಅಮ್ಮ: ಟೆನಿಸ್ ಚೆಂಡು ಭಾರಕ್ಕೆ ಕುಗ್ಗುತ್ತೆ ಸಾರ್. ಕೆಳಗಿನವರನ್ನು ಇನ್ನೊಮ್ಮೆ ಕೇಳಿ ನೋಡಿ.