ಕಾಸರಗೋಡಿನ ಬದಿಯಡ್ಕದಿಂದ ಒಂದು ದಿನದ ತಿರುಗಾಟ: ಕಾರಿಲ್ಲ, ಮಕ್ಕಳು ಮೂವರು, ಬಜೆಟ್ 600

ಬದಿಯಡ್ಕದಕ್ಕ:
ರಜೆ ಸಿಕ್ಕಿದ ಮೇಲೆ ಮನೆಯಲ್ಲಿ ಮೊಬೈಲಿಗೇ ಜಗಳ. ಮಗಳಿಗೆ 12, ಮಗನಿಗೆ 8. ಅಣ್ಣನ ಮಗನೂ ಬಂದಿದ್ದಾನೆ, ಅವನಿಗೆ 14. ಮೂವರಿಗೂ ನೀರಾಟದ ಪಾರ್ಕಿಗೆ ಹೋಗಬೇಕಂತೆ. ಅಲ್ಲಿನ ಟಿಕೆಟ್ಟಿನ ದುಡ್ಡಲ್ಲಿ ನಮ್ಮ ಮನೆಗೆ ವಾರದ ಸಾಮಾನು ಬರುತ್ತದೆ. ಹತ್ತಿರದಲ್ಲೇ ಹತ್ತಿ, ಓಡಿ, ಸುಸ್ತಾಗಿ ರಾತ್ರಿ ಬೇಗ ಮಲಗುವ ಹಾಗೆ ಏನಾದರೂ ಹೇಳಿ. ಬೆಳಿಗ್ಗೆ ಅನಂತಪುರದ ಕೆರೆ ದೇವಸ್ಥಾನ, ಮಧ್ಯಾಹ್ನ ಬೇಕಲ ಕೋಟೆ, ಸಂಜೆ ಪೊಸಡಿ ಗುಂಪೆ ಗುಡ್ಡ ಅಂತ ಎಣಿಸಿದ್ದೇನೆ. ಬಸ್ಸಲ್ಲೇ ಹೋಗಬೇಕು. ನಾಲ್ಕು ಜನಕ್ಕೆ 600 ದಾಟಬಾರದು. ಆಗುತ್ತದಾ?

ಗುಡ್ಡೆಭಾವ:
ಅಕ್ಕಾ, ಮೂರೂ ಒಂದೇ ದಿನ ಮಾಡಿದರೆ ನೋಡುವುದು ಬಸ್ಸಿನ ಕಿಟಕಿ ಮಾತ್ರ. ಮಧ್ಯಾಹ್ನದ ಬೇಕಲ ಅಂತೂ ಬೇಡವೇ ಬೇಡ. ಕೋಟೆಯ ಮುರಕಲ್ಲು (ಕೆಂಪು ಕಲ್ಲು) ಕಾದರೆ ಕಾವಲಿಯ ಹಾಗೆ. ಒಂದೇ ಜಾಗ ಹಿಡಿಯಿರಿ, ಬೆಳಿಗ್ಗೆ ಹೋಗಿ. ನನ್ನ ಓಟು ಬೇಕಲಕ್ಕೆ.

ಮೊದಲ ಬಸ್ಸಿಗೆ ಕಾಸರಗೋಡು. ಅಲ್ಲಿಂದ ಲೋಕಲ್ ರೈಲು ಹೊಂದಿಕೆಯಾದರೆ ರೈಲೇ ಚಂದ. ಬೇಕಲ ಫೋರ್ಟ್ ಅಂತಲೇ ಸ್ಟೇಷನ್ ಇದೆ. ಟಿಕೆಟ್ಟು ಬಸ್ಸಿಗಿಂತ ಕಡಿಮೆ. ದಾರಿಯಲ್ಲಿ ಚಂದ್ರಗಿರಿ ಹೊಳೆಯ ಸೇತುವೆ, ಕಳನಾಡಿನ ಸುರಂಗ ಎರಡೂ ಸಿಗುತ್ತವೆ. ಸುರಂಗದಲ್ಲಿ ಮಕ್ಕಳು ಬೊಬ್ಬೆ ಹಾಕದಿದ್ದರೆ ಕೇಳಿ. ಬಸ್ಸಾದರೆ ಮೇಲ್ಪರಂಬ, ಉದುಮ ಮೂಲಕ ಕಾಞಂಗಾಡಿಗೆ ಹೋಗುವುದನ್ನೇ ಹತ್ತಿ. ಚೆರ್ಕಳದಿಂದ ಹೈವೇಯಲ್ಲಿ ಹೋಗುವ ಬಸ್ಸು ಬೇಕಲಕ್ಕೆ ಮುಟ್ಟುವುದೇ ಇಲ್ಲ.

ಕೋಟೆಗೆ ದೊಡ್ಡವರಿಗೆ 25 ರೂಪಾಯಿ. 15 ವರ್ಷದೊಳಗಿನವರಿಗೆ ಟಿಕೆಟ್ಟಿಲ್ಲ. ಅಂದರೆ ನಿಮಗೊಬ್ಬರಿಗೆ ಮಾತ್ರ! ಅಣ್ಣನ ಮಗ ಎತ್ತರ ಇದ್ದರೆ ಕೇಳಿಯಾರು, ಆಧಾರಿನ ಫೋಟೊ ಇಟ್ಟುಕೊಳ್ಳಿ.

ಒಳಗೆ ಸುಮಾರು 40 ಎಕರೆ. ಇಕ್ಕೇರಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ್ದು ಅಂತ ಮಕ್ಕಳಿಗೆ ಒಂದೇ ಮಾತಲ್ಲಿ ಹೇಳಿ, ಪಾಠ ಮಾಡಲು ಹೋಗಬೇಡಿ. ಬದಲಿಗೆ ಗೋಡೆಯ ಕಂಡಿಗಳನ್ನು ತೋರಿಸಿ. ಮೇಲಿನದರಲ್ಲಿ ಇಣುಕಿದರೆ ದೂರದ ಜಾಗ ಕಾಣುತ್ತದೆ, ಕೆಳಗಿನದರಲ್ಲಿ ಗೋಡೆಯ ಬುಡದ ಹತ್ತಿರದ್ದು. ವೈರಿ ಹತ್ತಿರ ಬಂದ ಹಾಗೆ ಬಂದೂಕು ಕೆಳಗಿನ ಕಂಡಿಗೆ ಇಳಿಯಬೇಕು. ಒಬ್ಬ ಹೊರಗಿನಿಂದ ನಡೆದು ಬರಲಿ, ಉಳಿದವರು ಯಾವ ಕಂಡಿಯಲ್ಲಿ ಅವನು ಕಾಣುತ್ತಾನೆ ಅಂತ ಹುಡುಕಲಿ. ಅರ್ಧ ಗಂಟೆ ನೀವು ಆರಾಮವಾಗಿ ಕೂರಬಹುದು. ನಡುವಿನ ವೀಕ್ಷಣಾ ಗೋಪುರಕ್ಕೆ ಮೆಟ್ಟಿಲಲ್ಲ, ಇಳಿಜಾರು ದಾರಿ. ಓಡಿ ಹತ್ತುವ ಪಂದ್ಯಕ್ಕೆ ಹೇಳಿ ಮಾಡಿಸಿದ್ದು.

ಬದಿಯಡ್ಕದಕ್ಕ:
ಕಂಡಿಯ ಆಟ ಒಳ್ಳೆಯದಾಯಿತು. ನೆರಳು ಇದೆಯಾ ಅಣ್ಣ? ಊಟಕ್ಕೆ ಏನು ಮಾಡುವುದು?

ಗುಡ್ಡೆಭಾವ:
ನೆರಳು ಕಡಿಮೆ. ಅದಕ್ಕೇ ಎಂಟಕ್ಕೆ ಒಳಗೆ, ಹತ್ತೂವರೆಗೆ ಹೊರಗೆ. ಬುತ್ತಿ ಮನೆಯಿಂದಲೇ. ಚಿತ್ರಾನ್ನ, ಸೌತೆಕಾಯಿ, ಉಪ್ಪು ಬೆಲ್ಲ ಹಾಕಿದ ಪುನರ್ಪುಳಿ ನೀರು ಒಂದು ದೊಡ್ಡ ಬಾಟ್ಲಿ. ಬೊಂಡ (ಎಳನೀರು) ಮನೆಯ ತೋಟದಲ್ಲೇ ಇರುವಾಗ ಅಲ್ಲಿ ನಾಲ್ಕು ಕುಡಿದು ಬಜೆಟ್ ಯಾಕೆ ಮುಗಿಸುವುದು? ಉಳಿದ ದುಡ್ಡಲ್ಲಿ ಐಸ್‌ಕ್ರೀಮ್ ಕೊಡಿಸಿ, ಅದಿಲ್ಲದೆ ಮಕ್ಕಳು ರಜೆ ಅಂತ ಒಪ್ಪುವುದಿಲ್ಲ. ಪಳ್ಳಿಕ್ಕೆರೆ ಕಡಲ ಬದಿ ಪಕ್ಕದಲ್ಲೇ. ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿಸಬೇಡಿ, ಎಂಟರವನ ಕೈ ಬಿಡಲೇಬೇಡಿ.

ಪೆರ್ಮುದೆ ಹುಡುಗ:
ಪೊಸಡಿ ಗುಂಪೆ ಬಿಟ್ಟೇಬಿಟ್ಟಿರಲ್ಲ ಭಾವ! ಖರ್ಚು ಬಸ್ಸಿನದು ಮಾತ್ರ. ಸಾವಿರ ಅಡಿ ಚಿಲ್ಲರೆ ಎತ್ತರ, ಆಕಾಶ ಸ್ವಚ್ಛ ಇದ್ದರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ. ಧರ್ಮತ್ತಡ್ಕ ಬಸ್ಸಿಗೆ ಬಂದು ನಡೆಯಬೇಕು. ಅಕ್ಕ, ಮೇಲೆ ನೀರು ಸಿಗುವುದಿಲ್ಲ, ಹೊತ್ತುಕೊಂಡೇ ಹೋಗಿ. ಈಗ ಮುಳಿಹುಲ್ಲು ಒಣಗಿ ನಿಂತಿರುತ್ತದೆ, ಯಾರಾದರೂ ಬೀಡಿ ಹೊತ್ತಿಸಿದರೆ ಬಿಡಬೇಡಿ.

ಗುಡ್ಡೆಭಾವ:
ಬಿಟ್ಟದ್ದಲ್ಲ ಮಾರಾಯಾ, ಸಂಜೆ ಇಳಿದು ಬಂದ ಮೇಲೆ ಬದಿಯಡ್ಕಕ್ಕೆ ಬಸ್ಸು ಹುಡುಕುವ ತಲೆಬಿಸಿ ಯಾರಿಗೆ? ಹೋಗುವುದಾದರೆ ಇನ್ನೊಂದು ದಿನ, ಬೆಳಿಗ್ಗೆಯೇ.

ನಾಯ್ಕಾಪು ಕಡೆಯವಳು:
ಅನಂತಪುರ ನಿಮಗೆ ಕುಂಬಳೆ ಬಸ್ಸಿನ ದಾರಿಯಲ್ಲೇ, ಅದಕ್ಕೆ ದಿನ ಪೂರ್ತಿ ಇಡಬೇಡಿ. ನಾಯ್ಕಾಪಿನಲ್ಲಿ ಇಳಿದು ನಡೆಯಿರಿ. ಕೆರೆಯ ನಡುವೆ ದೇವಸ್ಥಾನ, ಸುತ್ತ ಮುರಕಲ್ಲಿನ ಪದವು (ಗುಡ್ಡದ ಮೇಲಿನ ಬಯಲು). ಆ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ 2022ರಲ್ಲಿ ತೀರಿಕೊಂಡಿತು, ಮರುವರ್ಷ ಇನ್ನೊಂದು ಕಾಣಿಸಿಕೊಂಡಿತು. ಕಂಡೇ ಕಾಣುತ್ತದೆ ಅಂತ ಮಕ್ಕಳಿಗೆ ಮಾತು ಕೊಡಬೇಡಿ. ಮಧ್ಯಾಹ್ನ ನಡೆ ಮುಚ್ಚುತ್ತದೆ, ಬೇಗ ಹೋಗಿ.

ಬದಿಯಡ್ಕದಕ್ಕ:
ಸರಿ, ಗುರುವಾರ ಬೇಕಲ ಒಂದೇ. ಮಕ್ಕಳಿಗೆ ಚಪ್ಪಲಿ ಸಾಕಾ, ಶೂ ಬೇಕಾ?

ಗುಡ್ಡೆಭಾವ:
ಹಿಂದೆ ಪಟ್ಟಿ ಇರುವ ಚಪ್ಪಲಿ ಸಾಕು. ಶೂ ಹಾಕಿದರೆ ಕಡಲ ಬದಿಯ ಹೊಯ್ಗೆ ಎಲ್ಲಾ ನಿಮ್ಮ ಮನೆಗೆ ಬರುತ್ತದೆ. ಟೊಪ್ಪಿ ಮಾತ್ರ ಮರೆಯಬೇಡಿ.